‘ಐ’ ಎನ್ನಲೋ, ‘ಮಿ’ ಎನ್ನಲೋ?


ಬಾಗಿಲು ತಟ್ಟಿದಾಗ ಒಳಗಿನಿಂದ ಯಾರೆಂದು ಕೇಳಿದರೆ ‘ಇಟ್ ಈಸ್ ಐ’ ಎನ್ನಬೇಕೋ ‘ಇಟ್ ಈಸ್ ಮಿ’ ಎನ್ನಬೇಕೋ ಎಂಬ ತಮ್ಮ ಸಂದೇಹವು ಆಂಗ್ಲರನ್ನೇ ಬಹುಕಾಲದಿಂದ ಕಾಡಿದುದಾಗಿದೆ. ಲ್ಯಾಟಿನ್ನಿನಲ್ಲಿ ‘ಇರು’ ಎಂಬರ್ಥದ ಕ್ರಿಯಾಪದದ ಇಕ್ಕೆಲಗಳಲ್ಲಿಯೂ ಪ್ರಥಮಾ ವಿಭಕ್ತಿಯೇ ಬರುವಂತೆ ಇಂಗ್ಲಿಷಿನಲ್ಲಿಯೂ ಬರತಕ್ಕದ್ದೆಂದು, 1762ರಲ್ಲಿ ತಮ್ಮ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಲೌತ್ ಮೊದಲಾದ ಪಂಡಿತರು ವಿಧಿಸಿದರಾದರೂ, ಆಡುನುಡಿಯು ಆ ವಿಧಿಗೆ ಪೂರ್ಣವಾಗಿ ತಲೆಬಾಗಲಿಲ್ಲ. ಆಪ್ತರೊಡನೆ ನಿಸ್ಸಂಕೋಚವಾಗಿ ‘ಮಿ’ ಎನ್ನಿರಿ. ಹೊಸ್ತಿಲಲ್ಲಿ ನಿಂತು ‘ಐ’ ಎಂದವರನ್ನು ಮನೆಯವರು ಶಾಲಾ ತನಿಖಾಧಿಕಾರಿಗಳೆಂದು ಭಾವಿಸಿಯಾರು! ಔಪಚಾರಿಕ ಲೇಖನದಲ್ಲಿ, ಅದರಲ್ಲಿಯೂ ‘ಇಟ್ ವಾಸ್ ಐ ಹೂ’ ಎಂದು ಉಪವಾಕ್ಯವು ಮುಂದುವರಿಯುವೆಡೆಯಲ್ಲಿ, ‘ಐ’ ಶೋಭಿಸುತ್ತದೆ. ಆದರೆ ಶಿಷ್ಟತೆಯ ಭ್ರಾಂತಿಯಿಂದ ‘ಬಿಟ್ವೀನ್ ಯು ಅಂಡ್ ಐ’ ಎಂದು ಮಾತ್ರ ಬರೆಯದಿರಿ. ‘ಬಿಟ್ವೀನ್’ ಎಂಬುದರ ತರುವಾಯ, ಪತ್ರವು ಎಷ್ಟೇ ಗಂಭೀರವಾಗಿರಲಿ, ‘ಮಿ’ಯೇ ಸಾಧುರೂಪ.