ಇಂದಿನ ಧಮ್ಮ ಚಿಂತನೆ: ಮರದ ಬಂದಳಿಕೆ, ಮನಸ್ಸಿನ ಬಂದಳಿಕೆ





ಮಳವಳ್ಳಿಯಿಂದ ಮದ್ದೂರು, ಮಂಡ್ಯದ ಕಡೆಗೆ ಬರುವಾಗ ದಾರಿ ಬದಿಯ ಮಾವು, ಹೊಂಗೆ ಮರಗಳನ್ನು ಗಮನಿಸಿ ನೋಡಿ. ಕೆಲವು ಮರಗಳಲ್ಲಿ ಕೊಂಬೆಯ ತುದಿ ಒಣಗಿರುತ್ತದೆ, ನಡುವೆ ಮಾತ್ರ ದಟ್ಟ ಹಸಿರಿನ ಗುಂಪೊಂದು ಕಾಣುತ್ತದೆ. ಆ ಎಲೆ ಮರದ್ದಲ್ಲ. ಅದು ಬಂದಳಿಕೆ. ಬದನಿಕೆ ಎಂದೂ ಕರೆಯುತ್ತೇವೆ.

ಬಂದಳಿಕೆಯ ಹಣ್ಣಿನೊಳಗೆ ಗೋಂದಿನಂಥ ಅಂಟು ಇರುತ್ತದೆ. ಗುಬ್ಬಚ್ಚಿಗಿಂತ ಚಿಕ್ಕದಾದ ಹಕ್ಕಿಯೊಂದು ಈ ಹಣ್ಣನ್ನು ತಿನ್ನುತ್ತದೆ. ಅದಕ್ಕೂ ಬದನಿಕೆ ಹಕ್ಕಿ ಎಂದೇ ಹೆಸರು. ಅದರ ಹಿಕ್ಕೆಯ ಜೊತೆ ಬೀಜ ಕೊಂಬೆಗೆ ಅಂಟಿಕೊಂಡು ಅಲ್ಲೇ ಮೊಳೆಯುತ್ತದೆ. ಬೇರು ನೆಲಕ್ಕೆ ಇಳಿಯುವುದಿಲ್ಲ, ತೊಗಟೆ ಸೀಳಿ ಮರದೊಳಕ್ಕೆ ಹೋಗುತ್ತದೆ. ಇದನ್ನು ಹೀರುಬೇರು ಎನ್ನುತ್ತಾರೆ. ಬಂದಳಿಕೆ ತನ್ನ ಹಸಿರೆಲೆಯಿಂದ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ನೀರು, ಲವಣಗಳೆಲ್ಲ ಮರದ್ದು. ಮರ ಸೊರಗಿದರೂ ಬಂದಳಿಕೆ ಹಸಿರಾಗಿಯೇ ಇರುತ್ತದೆ. ದೂರದಿಂದ ನೋಡಿದವರಿಗೆ ಮರವೇ ಚಿಗುರಿದಂತೆ ಕಾಣುತ್ತದೆ!

ಇದರ ಹೆಸರುಗಳನ್ನು ನೋಡಿ. ಅಮರಕೋಶದಲ್ಲಿ ಇದಕ್ಕೆ ವಂದಾ, ವೃಕ್ಷಾದನೀ, ವೃಕ್ಷರುಹಾ, ಜೀವಂತಿಕಾ ಎಂಬ ಹೆಸರುಗಳಿವೆ. ವೃಕ್ಷಾದನೀ ಎಂದರೆ ಮರವನ್ನು ತಿನ್ನುವಂಥದ್ದು. ವೃಕ್ಷರುಹಾ ಎಂದರೆ ಮರದ ಮೇಲೆ ಬೆಳೆಯುವಂಥದ್ದು. ಸಸ್ಯಶಾಸ್ತ್ರದಲ್ಲಿ ಇದು ಡೆಂಡ್ರಾಫ್ಥೋ ಫಾಲ್ಕೇಟಾ. ಮೊದಲ ಪದ ಗ್ರೀಕ್ ಮೂಲದ್ದು: ಡೆಂಡ್ರಾನ್ ಎಂದರೆ ಮರ, ಫ್ಥೋ ಎಂದರೆ ಕ್ಷಯ. ಬೇರೆ ಬೇರೆ ಭಾಷೆಯವರು ಕಂಡದ್ದು ಒಂದೇ ಸತ್ಯ.

ಪಾಲಿಯಲ್ಲೂ ಇಂಥದೇ ಒಂದು ಪದವಿದೆ: *ಅಜ್ಝಾರುಹ*, ಅಂದರೆ ಮೇಲೆ ಹತ್ತಿ ಬೆಳೆಯುವಂಥದ್ದು. ಸಂಯುತ್ತ ನಿಕಾಯದ ಬೊಜ್ಝಂಗ ಸಂಯುತ್ತದಲ್ಲಿ ಭಗವಾನ್ ಬುದ್ಧರು ಅರಳಿ, ಆಲ, ಅತ್ತಿ ಮುಂತಾದ ಮರಗಳ ಉದಾಹರಣೆ ಕೊಡುತ್ತಾರೆ. ಇವು ಬಂದಳಿಕೆಯ ಜಾತಿಯವಲ್ಲ, ಕೊನೆಗೆ ನೆಲಕ್ಕೆ ಬೇರು ಬಿಡುತ್ತವೆ. ಆದರೆ ಇವುಗಳ ಪುಟ್ಟ ಬೀಜ ಇನ್ನೊಂದು ಮರದ ಮೇಲೆ ಬಿದ್ದು ಬೆಳೆದು, ಸುತ್ತಿಕೊಂಡು, ಆಸರೆ ಕೊಟ್ಟ ಮರವನ್ನೇ ಮುರಿದು ಕೆಡವುತ್ತದೆ. ಮನಸ್ಸಿನ ಮೇಲೆ ಹಾಗೆ ಬೆಳೆಯುವುದು ಪಂಚ ನೀವರಣಗಳು: ಕಾಮಚ್ಛಂದ, ವ್ಯಾಪಾದ, ಥೀನಮಿದ್ಧ, ಉದ್ಧಚ್ಚ-ಕುಕ್ಕುಚ್ಚ, ವಿಚಿಕಿಚ್ಛಾ. ಅಂದರೆ ಭೋಗದ ಆಸೆ, ದ್ವೇಷ, ಜಡತೆ, ಚಂಚಲತೆ ಮತ್ತು ಪರಿತಾಪ, ಸಂಶಯ.

ಅದೇ ಸುತ್ತದಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಒಬ್ಬನು ಆಸೆಗಳನ್ನು ಬಿಟ್ಟು ಮನೆಯಿಂದ ಹೊರಡುತ್ತಾನೆ. ಆದರೆ ಬಿಟ್ಟು ಬಂದದ್ದೇ, ಅಥವಾ ಅದಕ್ಕಿಂತ ಕೆಟ್ಟದ್ದು, ಅವನ ಮೇಲೆ ಬೆಳೆದು ಅವನನ್ನು ಬೀಳಿಸುತ್ತದೆ.

ಈ ಮಾತು ಭಿಕ್ಖುಗಳಿಗೆ ಮಾತ್ರವೇ? ನಮಗೂ ಅಲ್ಲವೇ? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳನ್ನು ನಾವೂ ಸ್ವೀಕರಿಸಿದ್ದೇವೆ. ಗೋಡೆಯ ಮೇಲೆ ಬುದ್ಧರ ಪಟ ಬಂದಿದೆ. ಆದರೂ ಮಗಳಿಗೆ ಜ್ವರ ಬಿಡದಿದ್ದರೆ ತಾಯತಕ್ಕೆ ಕೈ ಹೋಗುತ್ತದೆ. ಇದೇ ಬದನಿಕೆಯನ್ನು ಇಂಥ ನಕ್ಷತ್ರದಲ್ಲಿ, ಇಂಥ ಮರದಿಂದ ಕಿತ್ತು ತಂದು ಮನೆಯಲ್ಲಿಟ್ಟರೆ ದುಡ್ಡು ನಿಲ್ಲುತ್ತದೆ ಎಂದು ಹೇಳುವವರೂ ಇದ್ದಾರೆ, ನಂಬುವವರೂ ಇದ್ದಾರೆ. ಮರವನ್ನು ತಿನ್ನುವ ಗಿಡ ಮನೆಯನ್ನು ಉಳಿಸುತ್ತದೆಯೇ? ಇದು ವಿಚಿಕಿಚ್ಛೆ. ಇನ್ನೂ ಆಳದ್ದೊಂದಿದೆ. ವಂದನೆಯಲ್ಲಿ ಒಟ್ಟಿಗೆ ಕೂರುತ್ತೇವೆ, ಹೆಣ್ಣು-ಗಂಡಿನ ಮಾತು ಬಂದಾಗ ಮಾತ್ರ "ಅವರು ಎಡಗೈನೋರೋ, ಬಲಗೈನೋರೋ?" ಎಂದು ಮೆಲ್ಲಗೆ ವಿಚಾರಿಸುತ್ತೇವೆ. ಬಿಟ್ಟು ಬಂದ ಜಾತಿಯೇ ನಮ್ಮ ಕೊಂಬೆಯ ಮೇಲೆ ಮತ್ತೆ ಮೊಳೆತಿದೆ.

ಇನ್ನೊಂದು ಮಾತು. ಮೀಸಲಾತಿಯಲ್ಲಿ ಓದಿದ ನಮ್ಮ ಮಕ್ಕಳನ್ನು "ಪರಾವಲಂಬಿಗಳು" ಎಂದು ಹಂಗಿಸುವವರಿದ್ದಾರೆ. ಊರಿನ ಗದ್ದೆ, ಕಬ್ಬಿನ ತೋಟಗಳಲ್ಲಿ ತಲೆತಲಾಂತರ ದುಡಿದವರು ಯಾರು, ಆ ದುಡಿಮೆಯ ಮೇಲೆ ಬೆಳೆದವರು ಯಾರು ಎಂದು ಕೇಳುವ ಹಕ್ಕು ನಮಗಿದೆ, ಕೇಳಲೇಬೇಕು. ಆದರೆ ಪ್ರತಿಯಾಗಿ ಯಾವ ಮನುಷ್ಯನನ್ನೂ ಬಂದಳಿಕೆ ಎಂದು ಕರೆಯುವುದು ಬೇಡ. ಬುದ್ಧರು ಅಜ್ಝಾರುಹ ಎಂದದ್ದು ಮನುಷ್ಯರನ್ನಲ್ಲ, ಮನಸ್ಸಿನ ಮಲಿನತೆಯನ್ನು. ಬಾಬಾಸಾಹೇಬರೂ 1936ರ 'ಜಾತಿ ವಿನಾಶ'ದಲ್ಲಿ, ಜಾತಿ ಎಂಬುದು ಕೆಡವಿ ಹಾಕಬಹುದಾದ ಇಟ್ಟಿಗೆಯ ಗೋಡೆಯಲ್ಲ, ಅದೊಂದು ಮನಃಸ್ಥಿತಿ ಎಂದು ತಿಳಿಸಿದರು.

ಹಾಗಾದರೆ ಪರಿಹಾರ? ಮಾವಿನ ತೋಟದ ರೈತರನ್ನು ಕೇಳಿ. ಬಂದಳಿಕೆಯ ಎಲೆ ತರಿದರೆ ಸಾಲದು, ಹೀರುಬೇರಿನಿಂದ ಮತ್ತೆ ಚಿಗುರುತ್ತದೆ. ಬೇರು ಹೊಕ್ಕ ಜಾಗಕ್ಕಿಂತ ಕೆಳಗೆ, ಕೊಂಬೆಯನ್ನೂ ಸೇರಿಸಿ ಕತ್ತರಿಸಬೇಕು. ಅದೂ ಹಣ್ಣು ಬಿಡುವ ಮೊದಲೇ. ನಮ್ಮದೇ ಕೊಂಬೆ ಸ್ವಲ್ಪ ಹೋಗುತ್ತದೆ, ನೋವಾಗುತ್ತದೆ. ಮರ ಮಾತ್ರ ಉಳಿಯುತ್ತದೆ.

ಮನಸ್ಸಿಗೆ ಆ ಕತ್ತಿ ಸಪ್ತ ಬೊಜ್ಝಂಗಗಳು. ಸತಿ ಮೊದಲನೆಯದು, ಬೀಜ ಅಂಟಿದ್ದನ್ನು ಕಾಣುವುದು. ಎರಡನೆಯದು ಧಮ್ಮವಿಚಯ, ಬೇರು ಎಲ್ಲಿ ಹೊಕ್ಕಿದೆ ಎಂದು ಪರೀಕ್ಷಿಸುವುದು. ಇವು ಮನಸ್ಸಿನ ಮೇಲೆ ಹತ್ತಿ ಬೆಳೆಯುವಂಥವಲ್ಲ, ಅರಿವು ಮತ್ತು ವಿಮುಕ್ತಿಯ ಕಡೆಗೆ ನಡೆಸುವಂಥವು ಎಂದು ಅದೇ ಸುತ್ತ ಹೇಳುತ್ತದೆ.

*ಇಂದಿನ ಅಭ್ಯಾಸ:* ರಾತ್ರಿ ಹತ್ತು ನಿಮಿಷ ಮೌನವಾಗಿ ಕುಳಿತು ಕೇಳಿಕೊಳ್ಳಿ. ನನ್ನಲ್ಲಿ ಹಸಿರಾಗಿ ಕಾಣುವುದರಲ್ಲಿ ನನ್ನದು ಯಾವುದು, ಅಂಟಿಕೊಂಡದ್ದು ಯಾವುದು? ಒಂದನ್ನಾದರೂ ಗುರುತಿಸಿ, ಮನೆಯವರ ಜೊತೆ ಮಾತಾಡಿ.

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್ 🙏