ಉಂಗುಟದ ಬುಡದ ಗಂಟು: ಚಿಕಿತ್ಸೆ ಮತ್ತು ಆರೈಕೆ

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಮೇಲೆ, ಮಾರಿಕುಪ್ಪಂನಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿಬರುವ ರೈಲು ಇಲ್ಲಿಯ ಅನೇಕ ಮನೆಗಳ ಅನ್ನದ ದಾರಿಯಾಗಿದೆ. ಬಂಗಾರಪೇಟೆಯಿಂದಲೇ ಸುಮಾರು 70 ಕಿ.ಮೀ. ಅಷ್ಟು ದೂರ ನಿಂತೇ ಹೋಗಿ, ನಿಂತೇ ದುಡಿದು ಮರಳುವ ಸದ್ಭಕ್ತರಿಗೆ ಪಾದದ ನೋವು ಸಣ್ಣ ಮಾತಲ್ಲ. ಅಂತಹ ನೋವುಗಳಲ್ಲೊಂದು ಉಂಗುಟದ, ಅಂದರೆ ಕಾಲಿನ ಹೆಬ್ಬೆರಳಿನ, ಬುಡದಲ್ಲಿ ಏಳುವ ಗಂಟು. ವೈದ್ಯರು ಇದನ್ನು ಬನಿಯನ್ ಎನ್ನುತ್ತಾರೆ. ತೊಡುವ ಬನಿಯನ್ನಿಗೂ ಇದಕ್ಕೂ ನಂಟಿಲ್ಲ.

ಇದು ಆಣಿಯಲ್ಲ, ದುರ್ಮಾಂಸವೂ ಅಲ್ಲ. ಉಂಗುಟವು ಮೆಲ್ಲನೆ ಎರಡನೆಯ ಬೆರಳಿನ ಕಡೆಗೆ ವಾಲಿದಂತೆ, ಅದರ ಹಿಂದಿನ ಉದ್ದಮೂಳೆ ಎದುರು ದಿಕ್ಕಿಗೆ ಸರಿದು ತುದಿಯನ್ನು ಹೊರಚಾಚುತ್ತದೆ. ಗಂಟಾಗಿ ಕಾಣುವುದು ಮುಖ್ಯವಾಗಿ ಆ ತುದಿಯೇ. ಆದ್ದರಿಂದ ಅದನ್ನು ಕೆರೆಯುವುದು, ಆಣಿಯ ಪಟ್ಟಿ ಅಂಟಿಸುವುದು ವ್ಯರ್ಥ, ಮಧುಮೇಹಿಗಳಿಗಂತೂ ಅಪಾಯಕರ. ಪಾದದ ರಚನೆ ವಂಶದಿಂದ ಬರುವುದರಿಂದ ತಾಯಿಗಿದ್ದದ್ದು ಮಗಳಿಗೂ ಬರುವುದುಂಟು. ಚೂಪು ಮೂತಿಯ, ಎತ್ತರ ಹಿಮ್ಮಡಿಯ ಪಾದರಕ್ಷೆ ಅದನ್ನು ಉಲ್ಬಣಗೊಳಿಸುತ್ತದೆ. ಒಂದೇ ರಾತ್ರಿಯಲ್ಲಿ ಕೀಲು ಕೆಂಪಾಗಿ, ಬಿಸಿಯಾಗಿ, ಮುಟ್ಟಲಾಗದಷ್ಟು ನೋಯತೊಡಗಿದರೆ ಅದು ಗೌಟ್ ಅಥವಾ ಸೋಂಕು ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಬೆರಳುಗಳಿಗೆ ಜಾಗವಿರುವ ಅಗಲವಾದ ಪಾದರಕ್ಷೆ, ಗಂಟಿನ ಮೇಲೆ ಮೆತ್ತನೆಯ ಪಟ್ಟಿ, ಊದಿದಾಗ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ: ಹಲವರಿಗೆ ಇಷ್ಟೇ ಸಾಕು. ಬೆರಳನ್ನು ನೇರಮಾಡುವೆವೆಂದು ಮಾರುವ ಪಟ್ಟಿಗಳು ಕೊಂಚ ಹಿತ ನೀಡಬಹುದು, ಸರಿದ ಮೂಳೆಯನ್ನು ಹಿಂದಕ್ಕೆ ತರಲಾರವು.

ನೋವು ನಿತ್ಯದ ಕೆಲಸವನ್ನೇ ತಡೆದಾಗ ಶಸ್ತ್ರಕ್ರಿಯೆ ಉಚಿತ; ಕೇವಲ ಅಂದಕ್ಕಾಗಿ ಬೇಡವೆಂಬುದೇ ನಮ್ಮ ಅಭಿಪ್ರಾಯ. ಸಾಮಾನ್ಯವಾಗಿ ಮೂಳೆಯನ್ನು ಕತ್ತರಿಸಿ, ಸರಿಯಾದ ಸ್ಥಾನಕ್ಕೆ ತಂದು ಸ್ಕ್ರೂಗಳಿಂದ ಬಿಗಿಯುತ್ತಾರೆ. ಮೂಳೆ ವೈದ್ಯರ ಸಲಹೆಗೆ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಹತ್ತಿರದಲ್ಲಿವೆ. ಅದಕ್ಕೆ ಮೊದಲು ಸಕ್ಕರೆ ಹತೋಟಿಗೆ ಬರಬೇಕು, ಬೀಡಿ ಸಿಗರೇಟು ಬಿಡಬೇಕು. ಇಲ್ಲವಾದರೆ ಗಾಯವೂ ಮೂಳೆಯೂ ಕೂಡುವುದು ತಡ.

ಕತ್ತರಿಸಿದ ಮೂಳೆ ಕೂಡಲು ಸುಮಾರು 6 ವಾರ ಬೇಕು. ಮೊದಲ 2 ವಾರ ದಿನದ ಹೆಚ್ಚು ಹೊತ್ತು ಮಲಗಿ, ಪಾದವನ್ನು ಎದೆಯ ಮಟ್ಟಕ್ಕಿಂತ ಮೇಲೆ ದಿಂಬಿನ ಮೇಲಿಡಬೇಕು. ಕಾಲು ಇಳಿಬಿಟ್ಟರೆ ಊದುತ್ತದೆ. ಗಾಯ ಒದ್ದೆಯಾಗಬಾರದು. ಹೊಲಿಗೆ ಬಿಚ್ಚುವುದು ಸುಮಾರು 2 ವಾರಕ್ಕೆ. ಅನೇಕರಿಗೆ ಗಟ್ಟಿ ಅಟ್ಟೆಯ ವಿಶೇಷ ಪಾದರಕ್ಷೆ ಕೊಟ್ಟು, ಹಿಮ್ಮಡಿಯ ಮೇಲೆ ಭಾರ ಹಾಕಿ ನಡೆಯಲು ಹೇಳುತ್ತಾರೆ. ಬಚ್ಚಲಿಗೆ ಹೋಗುವಾಗಲೂ ಅದನ್ನು ಬಿಡಬಾರದು. ಇಷ್ಟಲಿಂಗ ಪೂಜೆಗೆ ನೆಲದಲ್ಲಿ ಚಕ್ಕಳಮಕ್ಕಳ ಹಾಕುವ ಬದಲು ಕುರ್ಚಿಯಲ್ಲಿ ಕುಳಿತು ಕಾಲನ್ನು ಮಣೆಯ ಮೇಲೆ ನೀಡಿಕೊಂಡರೆ ದೋಷವೇನೂ ಇಲ್ಲ. ವೈದ್ಯರು ಹೇಳಿದ ದಿನದಿಂದ ಉಂಗುಟವನ್ನು ಮೇಲೆ ಕೆಳಗೆ ಮಡಿಸಿ ಅಭ್ಯಾಸ ಮಾಡದಿದ್ದರೆ ಕೀಲು ಬಿಗಿಯುತ್ತದೆ.

ಜ್ವರ, ಕೀವು, ಹೆಚ್ಚುತ್ತಲೇ ಇರುವ ನೋವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮೀನಖಂಡದಲ್ಲಿ ಊತ, ನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು. ಉಸಿರು ಕಟ್ಟಿದರೆ ಕ್ಷಣವೂ ಕಾಯಬಾರದು.

ಪಾದದ ಊತ ಪೂರ್ತಿ ಇಳಿಯಲು 6 ತಿಂಗಳಾದರೂ ಹಿಡಿದೀತು. ಕಾರ್ಖಾನೆಯ ಸುರಕ್ಷಾ ಬೂಟಿಗೆ, ರೈಲಿನ ನೂಕುನುಗ್ಗಲಿಗೆ ಮರಳಲು ಅವಸರ ಸಲ್ಲದು. ಕೂಲಿ ತಪ್ಪುವ ಭಯದಿಂದ ಮೂರನೆಯ ವಾರದಲ್ಲೇ ಹೊರಟರೆ ಮೂಳೆ ಜಾರಬಹುದು. ಇ.ಎಸ್.ಐ. ವಿಮೆಯುಳ್ಳವರಿಗೆ, ನಿಯಮಗಳಿಗೆ ಒಳಪಟ್ಟು, ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಕಾಯಿಲೆ ಭತ್ಯೆ ಉಂಟು. ಶಸ್ತ್ರಕ್ರಿಯೆಯ ದಿನ ಗೊತ್ತುಮಾಡುವ ಮೊದಲೇ ಅದನ್ನು ವಿಚಾರಿಸಿ, ವೈದ್ಯರ ಪ್ರಮಾಣಪತ್ರಕ್ಕೆ ಕೇಳಿಕೊಳ್ಳಿರಿ.