ಸೈನೈಡ್ ಗುಡ್ಡದ ದೂಳು
ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆ ಹೋದವರು ಬೂದು ಬಣ್ಣದ ಬೋಳು ಗುಡ್ಡಗಳನ್ನು ನೋಡಿರ್ತೀರಿ. ಮೈಸೂರು ಮೈನ್ಸಿನಂಥ ಗಣಿಗಳ ಅದಿರನ್ನು ನುಣ್ಣಗೆ ಅರೆದು ಸೋಡಿಯಂ ಸೈನೈಡ್ ಬೆರೆಸಿದ ನೀರು ಹಾಯಿಸುತ್ತಿದ್ದರು. ಚಿನ್ನ ಅದರಲ್ಲಿ ನಿಧಾನಕ್ಕೆ ಕರಗುತ್ತದೆ. ಮಿಕ್ಕ ಹಿಟ್ಟೇ ಈ ಗುಡ್ಡ. 2001ರಲ್ಲಿ ಗಣಿ ಮುಚ್ಚಿತು, ಗುಡ್ಡ ಹಾಗೇ ಉಳಿಯಿತು.

ಸೈನೈಡ್ ನಮಗೆ ಹೊಸದೇನಲ್ಲ. ಮಳೆ ಕೈಕೊಟ್ಟಾಗ ಬಾಡಿದ ಎಳೆ ಜೋಳ ಮೇಯ್ದ ದನ ಉಸಿರುಕಟ್ಟಿ ಬೀಳುವುದು ಇದೇ ಜಾತಿಯ ವಿಷದಿಂದ. ರಕ್ತದಲ್ಲಿ ಪ್ರಾಣವಾಯು ಇದ್ದರೂ ಜೀವಕೋಶಗಳು ಅದನ್ನು ಬಳಸಲಾರವು. ಆದರೆ ಗುಡ್ಡದ ಮೇಲಿನ ಸೈನೈಡು ಬಿಸಿಲು ಗಾಳಿಗೆ ಬಹುಪಾಲು ಒಡೆದುಹೋಗುತ್ತದೆ. ಹೆಸರು ಕೇಳಿ ಅದಕ್ಕೆ ಹೆದರುತ್ತೇವೆ, ನನಗೆ ಹೆಚ್ಚು ಹೆದರಿಕೆ ದೂಳಿನದು. ಅದು ಸಿಲಿಕಾ ಇರುವ ಕಲ್ಲಿನ ಹಿಟ್ಟು. ಕಣ್ಣಿಗೆ ಕಾಣದ ಕಣ ಶ್ವಾಸಕೋಶದ ಆಳಕ್ಕಿಳಿದು ಅಲ್ಲೇ ಗಾಯ ಮಾಡಿ ಗಟ್ಟಿಗಟ್ಟಿಸುತ್ತದೆ. ಈ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ, ಕ್ಷಯಕ್ಕೂ ದಾರಿ ಮಾಡುತ್ತದೆ.

ಆ ಮಣ್ಣನ್ನು ಅಂಗಳಕ್ಕೋ ಗಾರೆಗೋ ತರಬೇಡಿ. ಗುಡ್ಡದ ಬುಡದಲ್ಲಿ ನಿಂತ ನೀರಿಗೆ ದನ ಬಿಡಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಡಾಕ್ಟರ ಹತ್ತಿರ ಹೋದಾಗ ದೂಳಿನ ಸಂಗತಿ ನಾವೇ ಬಾಯಿಬಿಟ್ಟು ಹೇಳಬೇಕು. ಬೇಸಾಯದವನನ್ನು ಗಣಿ ದೂಳಿನ ಬಗ್ಗೆ ಯಾರು ಕೇಳ್ತಾರೆ?